ಮನೆಯಿಂದ ಎರಡು ಕಿಲೋಮೀಟರ್ ಪ್ರವಾಸ

ಹೋದ ವಾರ ನಮ್ಮ ಬೀದಿಯಲ್ಲಿ ಒಬ್ಬರು ಗಾಡಿ ನಿಲ್ಲಿಸಿ ವಿಳಾಸ ಕೇಳಿದರು. ನೇರ ಹೋಗಿ, ಸೇತುವೆ ದಾಟಿ ಎಡಕ್ಕೆ ತಿರುಗಿ ಅಂದೆ. "ಅಲ್ಲಿ ಏನಾದ್ರೂ ಗುರುತು ಇದೆಯಾ ಸರ್?" ಅಂದರು. ಹನ್ನೊಂದು ವರ್ಷದಿಂದ ದಿನಾ ಎರಡು ಸಲ ಓಡಾಡುವ ದಾರಿ ಅದು, ಆದರೂ ಬಾಯಿಗೆ ಒಂದು ಗುರುತೂ ಬರಲಿಲ್ಲ. ಅವರೇನೋ ಮುಂದೆ ಹೋಗಿ ಬೇರೆ ಯಾರನ್ನೋ ಕೇಳಿದರು. ನನಗೆ ಮಾತ್ರ ಅದು ಮನಸ್ಸಿನಲ್ಲೇ ಕೂತುಬಿಟ್ಟಿತು.

ಹಾಗಾಗಿ ಭಾನುವಾರ ಬೆಳಿಗ್ಗೆ ಆರೂವರೆಗೆ ನೀರಿನ ಬಾಟಲಿ ಹಿಡಿದು ಅದೇ ದಾರಿಯಲ್ಲಿ ನಡೆದೇ ಹೊರಟೆ. ಹೋಗಲು ಎರಡು ಕಿಲೋಮೀಟರ್, ಬರಲು ಎರಡು. ಹಿಡಿದದ್ದು ಮೂರು ಗಂಟೆ.

ಅದರಲ್ಲಿ ಒಂದು ಗಂಟೆ ಹೋದದ್ದು ಮೊದಲ ತಿರುವಿನ ಕಲ್ಲಿನ ತಡೆಗೋಡೆಯ ಹತ್ತಿರ. ಗೋಡೆಯಲ್ಲಿ ಸಾಲಾಗಿ ಚಿಕ್ಕ ಪೈಪುಗಳಿವೆ. ಗೋಡೆಯ ಹಿಂದೆ ಇರುವುದು ಮಣ್ಣು. ಮಳೆ ಬಂದರೆ ಆ ಮಣ್ಣು ನೀರು ಕುಡಿದು ಭಾರವಾಗುತ್ತದೆ, ಒಳಗೆ ನಿಂತ ನೀರು ಗೋಡೆಯನ್ನು ತಳ್ಳುತ್ತದೆ. ಆ ನೀರು ಹೊರಗೆ ಬರಲಿ ಅಂತಲೇ ಈ ಪೈಪು. ಎರಡು ಪೈಪಿಗೆ ಯಾರೋ ಪ್ಲಾಸ್ಟಿಕ್ ಕವರ್ ತುರುಕಿದ್ದರು. ಕಡ್ಡಿ ಹಾಕಿ ಎಳೆದೆ. ಒಂದರಿಂದ ಕೆಂಪು ನೀರು ತುಂಬಾ ಹೊತ್ತು ಸುರಿಯಿತು.

ಅದೇ ಗೋಡೆಯ ಕಲ್ಲುಗಳ ಮೇಲೆ ಬೂದು ಬಣ್ಣದ ಚಕ್ಕೆಗಳಿವೆ. ದೂರದಿಂದ ಸುಣ್ಣ ಉದುರಿದ ಹಾಗೆ ಕಾಣುತ್ತದೆ, ಆದರೆ ಅದು ಕಲ್ಲುಹೂವು. ಶಿಲೀಂಧ್ರವೂ ಪಾಚಿಯೂ ಒಟ್ಟಿಗೆ ಸೇರಿ ಬದುಕುವ ಜೀವ. ಕಲ್ಲಿಗೆ ಅಂಟಿಕೊಂಡು ಬೆಳೆಯುವ ಕೆಲವು ಜಾತಿಗಳು ವರ್ಷಕ್ಕೆ 1 ಮಿಲಿಮೀಟರ್ ಕೂಡ ಹರಡುವುದಿಲ್ಲ. ಅಂದರೆ ನನ್ನ ಅಂಗೈ ಅಗಲದ ಒಂದು ಚಕ್ಕೆ ನನಗಿಂತ ದೊಡ್ಡ ವಯಸ್ಸಿನದೇ ಇರಬಹುದು, ಅಲ್ವಾ? ಇವಕ್ಕೆ ಕೆಟ್ಟ ಗಾಳಿ ಆಗಿಬರುವುದಿಲ್ಲ. ವಿಲಿಯಂ ನೈಲಾಂಡರ್ ಎಂಬ ವಿಜ್ಞಾನಿ ಪ್ಯಾರಿಸ್ಸಿನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂಗಳನ್ನು ನೋಡಿ, ಗಾಳಿ ಚೊಕ್ಕವಾಗಿದೆಯೋ ಇಲ್ಲವೋ ಅಂತ ಇವು ತೋರಿಸುತ್ತವೆ ಎಂದು 1866ರಲ್ಲೇ ಬರೆದಿದ್ದರು. ನಮ್ಮ ಗೋಡೆಯಲ್ಲೂ ಸಿಗ್ನಲ್ ಕಡೆಗೆ, ಗಾಡಿಗಳು ಹೊಗೆ ಬಿಡುತ್ತಾ ನಿಲ್ಲುವ ಜಾಗದಲ್ಲಿ, ಕಲ್ಲುಗಳು ಬೋಳು. ಈಚೆ ಮೂವತ್ತು ಹೆಜ್ಜೆ ಬಂದರೆ ಕಲ್ಲೇ ಕಾಣದಷ್ಟು ಚಕ್ಕೆ. ಹೊಗೆಯೇ ಕಾರಣ ಇರಬೇಕು ಅನ್ನಿಸಿ ಬೇಜಾರಾಯಿತು.

ಮುಂದೆ ದೊಡ್ಡ ವಿದ್ಯುತ್ ತಂತಿಗಳು ರಸ್ತೆ ದಾಟುತ್ತವೆ. ಅವುಗಳನ್ನು ಹಿಡಿದಿರುವ ಪಿಂಗಾಣಿ ಬಿಲ್ಲೆಗಳ ಸರ ಉದ್ದವಿದ್ದಷ್ಟು ವೋಲ್ಟೇಜ್ ಜಾಸ್ತಿ. ಎಂಟು ಎಣಿಸಿ ಮುಂದೆ ನಡೆದೆ.

ಆಮೇಲೆ ಸೇತುವೆ. ಗಾಡಿಯಲ್ಲಿ ದಾಟುವಾಗ ದಿನಾ ಟಪ್ ಟಪ್ ಅನ್ನುವ ಸದ್ದು ಕೇಳುತ್ತಿತ್ತು. ರಸ್ತೆ ಕೆಟ್ಟಿದೆ ಅಂದುಕೊಂಡಿದ್ದೆ. ಬಗ್ಗಿ ನೋಡಿದರೆ ಅಡ್ಡಡ್ಡಕ್ಕೆ ಬೇಕಂತಲೇ ಬಿಟ್ಟ ಸಂದುಗಳು! ಬಿಸಿಲಿಗೆ ಕಾಂಕ್ರೀಟ್ ಹಿಗ್ಗುತ್ತದೆ. 30 ಮೀಟರ್ ಉದ್ದದ ತುಂಡು 30 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅದಕ್ಕೆ ಜಾಗ ಬೇಡವೇ? ಅಂಚಿನಲ್ಲಿ ನಡೆಯುತ್ತಾ ಸಂದುಗಳನ್ನೂ ಎಣಿಸಿದೆ, ಎಂಟು.

ಸೇತುವೆ ದಾಟಿ ಎಡಕ್ಕೆ ತಿರುಗಿದ ತಕ್ಷಣ, ಗಿಡಗಳ ಮರೆಯಲ್ಲಿ ಒಂದು ಹಳೇ ಬಾವಿ. ಮೇಲೆ ಕಬ್ಬಿಣದ ಜಾಲರಿ ಮುಚ್ಚಿದ್ದಾರೆ. ಬಾಯಿಯ ಕಲ್ಲಿನಲ್ಲಿ ಬೆರಳು ಇಳಿಯುವಷ್ಟು ಆಳದ ಗೀರುಗಳು. ನಾನು ಬಗ್ಗಿ ಮುಟ್ಟಿ ನೋಡುತ್ತಿದ್ದಾಗ ವಾಕಿಂಗ್ ಬಂದಿದ್ದ ಹಿರಿಯರೊಬ್ಬರು ನಿಂತರು.

"ಏನಾದ್ರೂ ಕಳ್ಕೊಂಡ್ರಾ?"

"ಇಲ್ಲ ಸರ್, ಸುಮ್ನೆ ನೋಡ್ತಿದ್ದೆ."

"ಅದು ಹಗ್ಗ ಉಜ್ಜಿ ಆಗಿದ್ದು. ಆಗ ರಾಟೆ ಇರ್ಲಿಲ್ಲ. ಇಲ್ಲಿ ನಾನೂ ನೀರು ಸೇದಿದ್ದೀನಿ" ಅಂದರು. ಒಂದು ಗೀರಿನ ಮೇಲೆ ಕೈಯಿಟ್ಟು, ಮಕ್ಕಳು ಈ ಕಡೆಯಿಂದ ಸೇದುತ್ತಿದ್ದೆವು, ಇಲ್ಲಿ ಕಟ್ಟೆ ತಗ್ಗು ಅಂದರು. ನಿಜವೇ, ಆ ಕಡೆ ಕಟ್ಟೆ ಒಂದು ಗೇಣು ತಗ್ಗಿದೆ.

ಅಂದು ವಿಳಾಸ ಕೇಳಿದವರಿಗೆ ನಾನು ಹೇಳಬೇಕಿದ್ದ ಗುರುತು ಅದೇ.

ಸೋಮವಾರ ಮತ್ತೆ ಗಾಡಿಯಲ್ಲಿ ಹೋದೆ. ಸೇತುವೆಯ ಮೇಲೆ ಕಿವಿಗೊಟ್ಟು ಎಣಿಸಿದರೆ ಏಳೇ ಸದ್ದು. ಎಂಟನೆಯದು ಎಲ್ಲಿ ತಪ್ಪಿತೋ, ಸಂಜೆ ಬರುವಾಗ ಇನ್ನೂ ನಿಧಾನವಾಗಿ ಬಂದು ಎಣಿಸಬೇಕು.