ಚಿನ್‌ಲಿಂಗ್ ಬೆಟ್ಟದ ಬುಡದ ಬಂಗಲೆಗಳು

ಆಗುಂಬೆ ಕಡೆಯ ಕಾನು, ಸೊಪ್ಪಿನ ಬೆಟ್ಟಗಳ ಒತ್ತುವರಿ ಬಗ್ಗೆ ತಲೆ ಕೆಡಿಸಿಕೊಳ್ಳುವ ನಮ್ಮ ಮಲೆನಾಡಿನವರು ಝಾವೊ ಝೆಂಗ್‌ಯೊಂಗ್ ಕಥೆ ತಿಳಿಯಲೇಬೇಕು.

ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ಮೇಲೆ ಬಂದವನು. 2001ರಲ್ಲಿ ಚೀನಾದ ಶಾನ್‌ಶಿ ಪ್ರಾಂತ್ಯಕ್ಕೆ ಬಂದ, ಗವರ್ನರ್ ಆದ, 2012ರ ಕೊನೆಗೆ ಅಲ್ಲಿನ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿಯೂ ಆದ. ಅಲ್ಲಿ ಗವರ್ನರ್‌ಗಿಂತ ಈ ಕುರ್ಚಿಯೇ ದೊಡ್ಡದು.

ಶಿಯಾನ್ ನಗರದ ದಕ್ಷಿಣಕ್ಕಿರುವ ಚಿನ್‌ಲಿಂಗ್ ಬೆಟ್ಟದ ಬುಡದಲ್ಲಿ ಅಕ್ರಮ ಬಂಗಲೆಗಳೆದ್ದಿದ್ದವು. 2014ರ ಮೇನಲ್ಲಿ ಷಿ ಜಿನ್‌ಪಿಂಗ್ ತನಿಖೆಗೆ ಸೂಚಿಸಿದರು. ಝಾವೊ ಅದನ್ನು ಪ್ರಾಂತ್ಯದ ಪಕ್ಷದ ಸ್ಥಾಯಿ ಸಮಿತಿಯಲ್ಲಿ ಚರ್ಚಿಸದೆ ಕೆಳಕ್ಕೆ ದಾಟಿಸಿದ. ಎಡವಟ್ಟಾಗಿದ್ದು ಇಲ್ಲೇ: ಕಟ್ಟಲು ಬಿಟ್ಟವರ ಕೈಗೇ ಎಣಿಕೆ ಹೋಯಿತು. ವರದಿಯಲ್ಲಿ ಬಂದದ್ದು 202. ಷಿ ಒಟ್ಟು ಆರು ಸಲ ಸೂಚನೆ ಕೊಟ್ಟರು. 2018ರಲ್ಲಿ ಬೀಜಿಂಗ್ ತಂಡವೇ ಇಳಿದಾಗ ಸಿಕ್ಕಿದ್ದು 1,194! ಪಹಣಿ ತಿದ್ದಿದವರಿಗೇ ಸರ್ವೆ ಒಪ್ಪಿಸಿದರೆ ಎಲ್ಲಾದರೂ ಇದೇ ಗತಿ.

2019ರ ಜನವರಿಯಲ್ಲಿ ಝಾವೊ ಮೇಲೆ ತನಿಖೆ ಘೋಷಣೆಯಾಯಿತು. 2020ರ ಜುಲೈ 31ರಂದು ಟಿಯಾನ್‌ಜಿನ್ ನ್ಯಾಯಾಲಯ ಲಂಚದ ಪ್ರಕರಣದಲ್ಲಿ ಎರಡು ವರ್ಷ ಅಮಾನತಿನ (ಅಷ್ಟು ಕಾಲ ಜಾರಿ ತಡೆಹಿಡಿದ) ಮರಣದಂಡನೆ ವಿಧಿಸಿತು. ಲಂಚದ ಮೊತ್ತ 71.7 ಕೋಟಿ ಯುವಾನ್. ಅದರಲ್ಲಿ ಸುಮಾರು 29 ಕೋಟಿ ಇನ್ನೂ ಅವನ ಕೈ ಸೇರಿರಲೇ ಇಲ್ಲ. ಶಿಕ್ಷೆ ಜೀವಾವಧಿಗೆ ಇಳಿದರೂ ಪೆರೋಲ್ ಇಲ್ಲ.