ಬೆಟ್ಟದ ರಸ್ತೆಗೆ ಆಟೋಮ್ಯಾಟಿಕ್ ವ್ಯಾನ್ ಒಯ್ಯುತ್ತಿದ್ದೀರಾ? ಗೇರ್ ಹಿಡಿದಿಡುವುದನ್ನು ಮೊದಲು ಕಲಿಯಿರಿ

ಮೊದಲ ದಿನ ಸಂಜೆ ನಮ್ಮ ವ್ಯಾನ್ ಬೆಟ್ಟದ ರಸ್ತೆಯ ಪಕ್ಕದಲ್ಲಿ ಮುಕ್ಕಾಲು ಗಂಟೆ ನಿಂತಿತ್ತು. ಮುಂದಿನ ಎರಡೂ ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತಿತ್ತು. ಒಳಗೆ ಎಂಟು ಜನ, ಅವರಲ್ಲಿ ಇಬ್ಬರು ಮಕ್ಕಳು. ಇನ್ನೂ ಒಂಬತ್ತು ಕಿಲೋಮೀಟರ್ ಇಳಿಯುವುದು ಬಾಕಿ ಇತ್ತು. ಗಾಡಿಯಲ್ಲಿ ಏನೂ ದೋಷ ಇರಲಿಲ್ಲ. ನಾನು ಲಿವರ್ ಅನ್ನು ‘ಡಿ’ಯಲ್ಲೇ (ಡ್ರೈವ್, ಗಾಡಿ ತಾನೇ ಗೇರ್ ಬದಲಿಸುವ ಸ್ಥಾನ) ಬಿಟ್ಟು, ಬರೀ ಬ್ರೇಕ್ ನಂಬಿಕೊಂಡು ಇಳಿಸಿದ್ದೆ.

ಆಮೇಲಿನ ಮೂರು ದಿನ ಅಂಥದ್ದೇ ರಸ್ತೆಗಳಲ್ಲಿ ಓಡಾಡಿದೆವು. ಇನ್ನೂ ಕಡಿದಾದ ಇಳಿಜಾರುಗಳೂ ಸಿಕ್ಕವು. ವಾಸನೆ ಮತ್ತೆ ಬರಲಿಲ್ಲ. ಆ ಮೂರು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಾಡಿಗೆ ವ್ಯಾನ್ ತೆಗೆದುಕೊಂಡು ಮನೆಯವರನ್ನೆಲ್ಲ ಕೂರಿಸಿಕೊಂಡು ಬೆಟ್ಟಕ್ಕೆ ಹೊರಟವರಿಗೆ ಇದು ಹೊರಡುವ ಮೊದಲೇ ಗೊತ್ತಿರಬೇಕು.

ನಮ್ಮದು ಒಂಬತ್ತು ಸೀಟಿನ ಡೀಸೆಲ್ ವ್ಯಾನ್, ಆರು ಗೇರಿನ ಆಟೋಮ್ಯಾಟಿಕ್. ನಾನೂ ಭಾವನೂ ಸರದಿಯಂತೆ ಓಡಿಸಿದೆವು. ನನಗೆ ಆಟೋಮ್ಯಾಟಿಕ್ ಹೊಸದಲ್ಲ, ಆದರೆ ಓಡಿಸಿದ್ದೆಲ್ಲ ಸಪಾಟು ರಸ್ತೆಯಲ್ಲೇ. ಭಾವ ಇಪ್ಪತ್ತು ವರ್ಷ ಕ್ಲಚ್ ಒತ್ತಿ ಗೇರ್ ಹಾಕಿದವರು. ಅವರಿಗೆ ಬೆಟ್ಟ ಗೊತ್ತು, ಈ ಗೇರ್‌ಬಾಕ್ಸ್ ಗೊತ್ತಿಲ್ಲ. ‘ಓಡುವ ಗಾಡಿಯಲ್ಲಿ ಆ ಲಿವರ್ ಮುಟ್ಟಬೇಡ, ಏನಾದರೂ ಮುರಿದೀತು’ ಎಂದು ಅವರೇ ನನ್ನನ್ನು ತಡೆದಿದ್ದರು. ಈ ಭಯ ತುಂಬಾ ಜನರಿಗೆ ಇದೆ. ‘ಡಿ’ಯಿಂದ ‘ಎಂ’ಗೋ (ಗೇರನ್ನು ನಾವೇ ಆರಿಸುವ ಸ್ಥಾನ) ‘3’ಕ್ಕೋ ತರಲು ಗಾಡಿ ನಿಲ್ಲಿಸಬೇಕಿಲ್ಲ, ಓಡುತ್ತಿರುವಾಗಲೇ ತರಬಹುದು. ಈಗಿನ ಗೇರ್‌ಬಾಕ್ಸ್‌ಗಳಲ್ಲಿ ಕಂಪ್ಯೂಟರ್ ಕಾವಲಿರುತ್ತದೆ. ಆ ವೇಗಕ್ಕೆ ಆ ಗೇರ್ ತೀರಾ ಕೆಳಗಿನದು ಅನ್ನಿಸಿದರೆ ಅದು ಹಾಕುವುದೇ ಇಲ್ಲ. ಓಡುವಾಗ ಮುಟ್ಟಲೇಬಾರದ್ದು ‘ಆರ್’ (ರಿವರ್ಸ್) ಮತ್ತು ‘ಪಿ’ (ಪಾರ್ಕಿಂಗ್).

ಮೊದಲು ಇಳಿಜಾರಿನ ಲೆಕ್ಕ ನೋಡಿ. ಜನ, ಸಾಮಾನು ಸೇರಿ ಗಾಡಿ ಮೂರು ಟನ್ ಎಂದುಕೊಳ್ಳಿ. ಅದು ಒಂದು ಸಾವಿರ ಮೀಟರ್ ಎತ್ತರದಿಂದ ಕೆಳಗೆ ಬಂದರೆ ಸುಮಾರು 29 ಮೆಗಾಜೂಲ್ ಶಕ್ತಿ ಎಲ್ಲಾದರೂ ಕರಗಬೇಕು. ಎಂಬತ್ತು ಲೀಟರಿಗಿಂತ ಜಾಸ್ತಿ ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಶಾಖ ಅದು. ಗಾಳಿಯ ತಡೆ, ಟೈರಿನ ತಡೆ ಸ್ವಲ್ಪ ತಿನ್ನುತ್ತವೆ. ನಿಧಾನ ಹೋಗುವಾಗ ಅದು ಜಾಸ್ತಿ ಏನಲ್ಲ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲವೇ ನಾಲ್ಕು ಚಕ್ರಗಳ ಬ್ರೇಕ್ ತಡೆಯಬೇಕು. ಎಂಜಿನ್ನಿಗೆ ರೇಡಿಯೇಟರ್ ಇದೆ, ಫ್ಯಾನ್ ಇದೆ. ಬ್ರೇಕಿಗೆ ಬರೀ ಗಾಳಿ.

ಬ್ರೇಕ್ ಕಾದು ಹೋದಾಗ ಎರಡು ಕಡೆ ಪೆಟ್ಟು ಬೀಳುತ್ತದೆ. ಪ್ಯಾಡ್‌ಗಳ ಹಿಡಿತ ಕಡಿಮೆಯಾಗುತ್ತದೆ. ಇನ್ನೂ ಅಪಾಯದ ಸಂಗತಿ ಎಂದರೆ ಬ್ರೇಕ್ ಆಯಿಲ್ ಕುದಿಯುವುದು. ಕುದಿದಾಗ ಪೈಪಿನೊಳಗೆ ಆವಿಯ ಗುಳ್ಳೆಗಳು ಏಳುತ್ತವೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ, ಚಕ್ರಕ್ಕೆ ಒತ್ತಡ ಹೋಗುವುದಿಲ್ಲ. ಡಾಟ್ 4 ಎಂಬ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಎಂಬ ನಿಯಮವಿದೆ. ಅದು ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ತೇವ ಸೇರಿದ ಆಯಿಲ್‌ಗೆ ಅದೇ ನಿಯಮದ ಮಿತಿ 155 ಡಿಗ್ರಿ. ಎಷ್ಟು ದೊಡ್ಡ ವ್ಯತ್ಯಾಸ ನೋಡಿ! ಬಾಡಿಗೆ ಗಾಡಿ ತೆಗೆದುಕೊಳ್ಳುವಾಗ ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಎಂದು ಕೇಳಿ. ಎರಡು ವರ್ಷ ದಾಟಿದ್ದರೆ ಬೇರೆ ಗಾಡಿ ಕೊಡಿ ಎನ್ನಿ. ನಾನು ಕೇಳಿರಲಿಲ್ಲ.

ಹಾಗಾದರೆ ‘ಡಿ’ಯಲ್ಲಿ ಏನು ತೊಂದರೆ? ಆಟೋಮ್ಯಾಟಿಕ್‌ಗೆ ಮುಂದಿನ ರಸ್ತೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ವೇಗ, ಎಂಜಿನ್ ಭಾರ, ನಿಮ್ಮ ಕಾಲಿನ ಒತ್ತು. ಇಳಿಜಾರಿನಲ್ಲಿ ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುತ್ತೀರಿ. ಇವರಿಗೆ ಶಕ್ತಿ ಬೇಡ ಎಂದುಕೊಂಡು ಅದು ಮೇಲಿನ ಗೇರಿಗೆ ಹೋಗುತ್ತದೆ. ಮೇಲಿನ ಗೇರಿನಲ್ಲಿ ಎಂಜಿನ್ ಗಾಡಿಯನ್ನು ತಡೆಯುವುದು ತೀರಾ ಕಡಿಮೆ. ಇಳಿಜಾರನ್ನು ಗುರುತಿಸಿ ತಾನೇ ಗೇರ್ ಇಳಿಸುವ ಗಾಡಿಗಳೂ ಇವೆ. ಆದರೆ ಅವೂ ವೇಗ ಏರಿದ ಮೇಲೆ ಎಚ್ಚರಗೊಳ್ಳುತ್ತವೆ. ಮುಂದಿನ ತಿರುವು ಕಾಣುವುದು ನಿಮಗೆ ಮಾತ್ರ ಅಲ್ವಾ.

ಎರಡನೇ ದಿನ ಹೊರಡುವ ಮುನ್ನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿದ್ದ ಕೈಪಿಡಿ ತೆಗೆದು ಓದಿದೆ. ಅರ್ಧ ಗಂಟೆ ಹಿಡಿಯಿತು. ಪ್ರವಾಸದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಅದೇ ಇರಬೇಕು. ಯಾಕೆಂದರೆ ಗಾಡಿ ಮೇಲಿನ ಗೇರಿಗೆ ಹೋಗದಂತೆ ಹಿಡಿದಿಡುವ ಸೌಕರ್ಯಕ್ಕೆ ಒಂದೊಂದು ಗಾಡಿಯಲ್ಲಿ ಒಂದೊಂದು ಹೆಸರು, ಒಂದೊಂದು ಗುಂಡಿ. ಹಳೆಯ ನಾಲ್ಕು ಗೇರಿನ ವ್ಯಾನ್‌ಗಳಲ್ಲಿ ‘ಡಿ, 2, ಎಲ್’ ಎಂದಿರುತ್ತದೆ, ಜೊತೆಗೆ ಓವರ್‌ಡ್ರೈವ್ ಆಫ್ ಮಾಡುವ ಗುಂಡಿ. ಅದನ್ನು ಒತ್ತಿದರೆ ನಾಲ್ಕನೇ ಗೇರ್ ಇಲ್ಲ ಎಂದರ್ಥ. ಹೊಸದರಲ್ಲಿ ‘ಎಂ’ ಅಥವಾ ‘ಎಸ್’, ಪಕ್ಕದಲ್ಲಿ ಪ್ಲಸ್ ಮೈನಸ್. ಕೆಲವಕ್ಕೆ ಸ್ಟಿಯರಿಂಗ್ ಹಿಂದೆ ಪ್ಯಾಡಲ್. ದೊಡ್ಡ ವ್ಯಾನ್‌ಗಳಲ್ಲಿ ಟೋ-ಹಾಲ್ ಎಂಬ ಗುಂಡಿಯೂ ಇರಬಹುದು. ಅದು ಮೇಲಿನ ಗೇರಿಗೆ ಹೋಗುವುದನ್ನು ತಡ ಮಾಡುತ್ತದೆ, ಇಳಿಜಾರಿನಲ್ಲಿ ಬ್ರೇಕ್ ತಟ್ಟಿದರೆ ತಾನೇ ಕೆಳಗಿನ ಗೇರಿಗೆ ಬರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪರದೆಯ ಮೇಲೆ ‘3’ ಎಂದು ಕಂಡರೆ ಎಲ್ಲ ಗಾಡಿಯಲ್ಲೂ ಅರ್ಥ ಒಂದೇ ಅಲ್ಲ. ಕೆಲವದರಲ್ಲಿ ಮೂರನೇ ಗೇರನ್ನೇ ಹಿಡಿದಿರುತ್ತದೆ. ಕೆಲವದರಲ್ಲಿ ಮೂರು ಎನ್ನುವುದು ಮೇಲಿನ ಮಿತಿ, ಅದರೊಳಗೆ ಒಂದು, ಎರಡು, ಮೂರರ ನಡುವೆ ಗಾಡಿ ತಾನೇ ಓಡಾಡುತ್ತದೆ. ಇಳಿಯುವಾಗ ಎರಡೂ ನಡೆಯುತ್ತದೆ. ಆದರೆ ಮಿತಿಯ ಬಗೆಯದಾದರೆ ಮೈನಸ್ ಒಂದು ಸಲ ಒತ್ತಿದಾಗ ಏನೂ ಆಗದಿರಬಹುದು. ಆರರಿಂದ ಐದಕ್ಕೆ ಮಿತಿ ಇಳಿದಿರುತ್ತದೆ, ಗಾಡಿ ಆಗಲೇ ನಾಲ್ಕರಲ್ಲಿ ಇರುತ್ತದೆ. ಕೆಲಸ ಮಾಡುತ್ತಿಲ್ಲ ಎಂದು ಗಾಬರಿಯಾಗಬೇಡಿ. ಎಂಜಿನ್ ಸದ್ದು ಬದಲಾಗುವ ತನಕ ಒತ್ತಿ. ಕಿವಿಯೇ ಇಲ್ಲಿ ಒಳ್ಳೆಯ ಮೀಟರ್. ಇನ್ನೊಂದು ಮಾತು: ಆಟೋ ಹೋಲ್ಡ್ ಎಂಬ ಗುಂಡಿ ಇದಲ್ಲ. ಅದು ನಿಂತ ಗಾಡಿಯನ್ನು ಬ್ರೇಕ್ ಹಾಕಿ ಹಿಡಿಯುವುದು. ಹಿಲ್ ಡಿಸೆಂಟ್ ಎನ್ನುವುದು ಹೆಚ್ಚಾಗಿ ಬ್ರೇಕ್ ಬಳಸಿಯೇ ವೇಗ ತಡೆಯುತ್ತದೆ. ಕಡಿದಾದ ಮಣ್ಣಿನ ದಾರಿಯಲ್ಲಿ ಅದು ಬಹಳ ಉಪಯೋಗ. ಇಪ್ಪತ್ತು ಕಿಲೋಮೀಟರ್ ಡಾಂಬರು ಇಳಿಜಾರಿಗೆ ಅದನ್ನು ನೆಚ್ಚಿಕೊಳ್ಳಬೇಡಿ.

ಕೆಳಗಿನ ಗೇರ್ ಹಾಕಬೇಕಾದದ್ದು ಇಳಿಜಾರು ಶುರುವಾಗುವ ಮೊದಲು. ಮೇಲೆ ಸಪಾಟಾದ ಜಾಗ ಇರುವಾಗಲೇ ವೇಗ ಇಳಿಸಿ, ಗೇರ್ ಹಾಕಿ, ಆಮೇಲೆ ಇಳಿಯಿರಿ. ವೇಗ ಏರಿದ ಮೇಲೆ ಮೈನಸ್ ಒತ್ತಿದರೆ ಗೇರ್‌ಬಾಕ್ಸ್ ಒಪ್ಪದಿರಬಹುದು. ಆಗ ಮೊದಲು ಬ್ರೇಕ್ ಹಾಕಿ ವೇಗ ತಗ್ಗಿಸಿ, ತಕ್ಷಣ ಮತ್ತೆ ಒತ್ತಿ. ಯಾವ ಗೇರ್ ಸರಿ ಎನ್ನುವುದಕ್ಕೆ ಭಾವ ಹೇಳಿದ ಹಳೆಯ ಮಾತು ಇದೆ: ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಆರು ಗೇರಿನ ಗಾಡಿಗೆ ಅದಕ್ಕಿಂತ ಒಂದು ಕಡಿಮೆ ಬೇಕಾಯಿತು. ಡೀಸೆಲ್ ಆದ್ದರಿಂದ ಇನ್ನೂ ಹೀಗೆ. ಪೆಟ್ರೋಲ್ ಎಂಜಿನ್‌ನಲ್ಲಿ ಕಾಲು ತೆಗೆದಾಗ ಗಾಳಿಯ ಬಾಗಿಲು ಮುಚ್ಚಿಕೊಂಡು ಎಂಜಿನ್ ಗಾಡಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಡೀಸೆಲ್‌ನಲ್ಲಿ ಆ ಹಿಡಿತ ಕಡಿಮೆ. ಗೇರ್ ಸರಿಯಿದ್ದರೆ ನಿಮಗೆ ಬ್ರೇಕ್ ಆಗಾಗ ಮಾತ್ರ ಬೇಕು. ಪ್ರತಿ ಕ್ಷಣ ಕಾಲು ಬ್ರೇಕಿನ ಮೇಲಿದ್ದರೆ ಇನ್ನೊಂದು ಗೇರ್ ಇಳಿಸಿ.

ಆಗ ಎಂಜಿನ್ ಜೋರಾಗಿ ಕೂಗುತ್ತದೆ. ಹಿಂದೆ ಕೂತವರು ಗಾಬರಿಯಾಗುತ್ತಾರೆ, ಮೊದಲೇ ಹೇಳಿಡಿ. ಎಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆಗಿಂತ ಸಾಕಷ್ಟು ಕೆಳಗಿರುವ ತನಕ ಎಂಜಿನ್ನಿಗೆ ಏನೂ ಆಗುವುದಿಲ್ಲ. ಡೀಸೆಲ್ ಖರ್ಚಾಗುತ್ತದೆ ಎಂಬ ಚಿಂತೆಯೂ ಬೇಡ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್‌ಗಳು ಇಂಧನ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಜಾರಿಸಿದರೇ ಖರ್ಚು, ಏಕೆಂದರೆ ಎಂಜಿನ್ ಬಂದ್ ಆಗದಂತೆ ಉರಿಯುತ್ತಿರಬೇಕು. ದಯವಿಟ್ಟು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಬೇಡಿ. ಎಂಜಿನ್ ತಡೆಯುವುದು ಪೂರ್ತಿ ಹೋಗಿ ಎಲ್ಲ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಎಂಟು ಹತ್ತು ಕಿಲೋಮೀಟರ್ ಇಳಿದ ಕೂಡಲೇ ಪೂರ್ತಿ ಬಿಡಿ. ಮತ್ತೆ ಏರಿದಾಗ ಮತ್ತೆ ಒತ್ತಿ. ಮೆಲ್ಲಗೆ ಒತ್ತಿ ಹಿಡಿದೇ ಹೋಗುವುದು ನಾಜೂಕು ಎಂದು ಕಾಣುತ್ತದೆ, ಮೊದಲ ದಿನ ನಾನು ಮಾಡಿದ್ದು ಅದನ್ನೇ. ಅದರಲ್ಲಿ ಬ್ರೇಕಿಗೆ ತಣಿಯಲು ಬಿಡುವೇ ಸಿಗುವುದಿಲ್ಲ. ಇನ್ನೊಂದು ಗಮನದಲ್ಲಿರಲಿ: ಎಂಜಿನ್ನಿನಿಂದ ವೇಗ ಇಳಿದಾಗ ಹಿಂದಿನ ಬ್ರೇಕ್ ಲೈಟ್ ಹತ್ತುವುದಿಲ್ಲ. ಹಿಂದೆ ಗಾಡಿ ಹತ್ತಿರವಿದ್ದರೆ ಪೆಡಲ್ ಮೆಲ್ಲಗೆ ತಟ್ಟಿ ಸೂಚನೆ ಕೊಡಿ. ಮಳೆಯಲ್ಲಿ, ತಿರುವಿನ ನಡುವೆ ದಿಢೀರ್ ಗೇರ್ ಇಳಿಸಬೇಡಿ, ಎಂಜಿನ್ ಎಳೆಯುವ ಚಕ್ರಗಳು ಜಾರಬಹುದು. ತಿರುವಿಗೆ ಮೊದಲೇ ಮುಗಿಸಿಕೊಳ್ಳಿ.

ಹತ್ತುವಾಗಿನ ಕಥೆ ಚಿಕ್ಕದು. ‘ಡಿ’ಯಲ್ಲಿ ಗಾಡಿ ನಾಲ್ಕಕ್ಕೆ ಹೋಗಿ, ಉಸಿರು ಸಿಕ್ಕಿಕೊಂಡು ಮೂರಕ್ಕೆ ಬಂದು, ಮತ್ತೆ ನಾಲ್ಕಕ್ಕೆ ಹೋಗುತ್ತಿತ್ತು. ಹಿಂದಿನ ಸೀಟಿನ ಮಕ್ಕಳಿಗೆ ವಾಂತಿ ಬರುವಂತಾಗಿತ್ತು. ಮೂರರಲ್ಲಿ ಹಿಡಿದಿಟ್ಟ ಮೇಲೆ ಎಲ್ಲ ಶಾಂತ. ಪದೇ ಪದೇ ಗೇರ್ ಬದಲಾಗದಿದ್ದರೆ ಗೇರ್‌ಬಾಕ್ಸ್ ಆಯಿಲೂ ಕಡಿಮೆ ಬಿಸಿಯಾಗುತ್ತದೆ. ಏರಿನಲ್ಲಿ ಟ್ರಾಫಿಕ್ ನಿಂತರೆ ಆಕ್ಸಿಲರೇಟರ್ ಒತ್ತಿ ಗಾಡಿಯನ್ನು ತೂಗಿ ನಿಲ್ಲಿಸಬೇಡಿ, ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಆಯಿಲ್ ಮೂಲಕ ಗೇರಿಗೆ ದಾಟಿಸುವ ಭಾಗ) ಬಿಸಿಯಾಗುತ್ತದೆ. ಬ್ರೇಕ್ ಹಾಕಿ ನಿಲ್ಲಿ.

ಅಷ್ಟೆಲ್ಲ ಮಾಡಿದರೂ ವಾಸನೆ ಬಂದರೆ, ಪೆಡಲ್ ಮೆತ್ತಗಾದರೆ, ಮುಂದಿನ ಅಗಲ ಜಾಗದಲ್ಲೇ ನಿಲ್ಲಿಸಿ. ಚಕ್ರಗಳಿಗೆ ಕಲ್ಲು ಕೊಡಿ. ಕಾದ ಡಿಸ್ಕಿಗೆ ನೀರು ಹಾಕಬೇಡಿ, ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಸುಮ್ನೆ ಕಾಯಿರಿ. ತಣಿದ ಮೇಲೆ ಪೆಡಲ್ ಗಟ್ಟಿಯಾಗಿದೆಯೇ ನೋಡದೆ ಹೊರಡಬೇಡಿ. ಮತ್ತೆ ಹೊರಡುವಾಗ ಅತಿ ಕೆಳಗಿನ ಗೇರಿನಲ್ಲಿ ಹೊರಡಿ. ಆ ಸಂಜೆ ನಮ್ಮ ಪೆಡಲ್ ಗಟ್ಟಿಯಾದ ಮೇಲೆ ಉಳಿದ ಒಂಬತ್ತು ಕಿಲೋಮೀಟರನ್ನು ಎರಡನೇ ಗೇರಿನಲ್ಲೇ ಇಳಿದೆವು. ಲಿವರ್ ಮುಟ್ಟಬೇಡ ಎಂದಿದ್ದ ಭಾವನೇ ಪಕ್ಕದಲ್ಲಿ ಕೂತು ‘ಎರಡಕ್ಕೆ ಹಾಕು’ ಎಂದರು.

ನಿಮ್ಮ ಪ್ರಯಾಣಕ್ಕೆ ನನ್ನ ಒಂದೇ ಕೋರಿಕೆ. ಗಾಡಿ ಕೈಗೆ ಬಂದ ದಿನ ಖಾಲಿ ಸಪಾಟು ರಸ್ತೆಯಲ್ಲಿ ಹತ್ತು ನಿಮಿಷ ಗೇರ್ ಹಿಡಿದು, ಇಳಿಸಿ, ಮತ್ತೆ ‘ಡಿ’ಗೆ ತಂದು ನೋಡಿ. ಓಡಿಸುವವರು ಇಬ್ಬರಿದ್ದರೆ ಇಬ್ಬರೂ ಮಾಡಿ. ಯಾವ ಗೇರಿನಲ್ಲಿ ಯಾವ ವೇಗಕ್ಕೆ ಮುಳ್ಳು ಎಲ್ಲಿರುತ್ತದೆ ಎಂದು ಬರೆದುಕೊಳ್ಳಿ. ನಾವು ಚೀಟಿ ಬರೆದು ಮೀಟರಿನ ಪಕ್ಕ ಅಂಟಿಸಿಕೊಂಡಿದ್ದೆವು. ಅದರಲ್ಲಿ ಇದ್ದದ್ದು ಮೂರೇ ಸಾಲು. ಎರಡನೇ ಗೇರ್, 35 ಕಿ.ಮೀ., ಹೇರ್‌ಪಿನ್ ತಿರುವುಗಳಿಗೆ. ಮೂರನೇ ಗೇರ್, 50 ಕಿ.ಮೀ., ಉದ್ದ ಇಳಿಜಾರಿಗೆ. ಕೊನೆಯ ಸಾಲು ಭಾವನ ಕೈಬರಹದಲ್ಲಿತ್ತು: ಕೆಳಗೆ ಮುಟ್ಟಿದ ಮೇಲೆ ‘ಡಿ’ಗೆ ತರಲು ಮರೆಯಬೇಡ.