ಬರೆದಿಡದ ಮಾತು

ರಾತ್ರಿ ಬಿಪಿ ನೋಡಲು ಹೋದಾಗ ಆ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಸಾಕಾಯ್ತು ಸಿಸ್ಟರ್. ಹೋಗೋ ಹೊತ್ತಿಗೆ ನನ್ನನ್ನ ಸುಮ್ನೆ ಬಿಟ್ಟುಬಿಡಿ." ಶ್ವಾಸಕೋಶದ ಕ್ಯಾನ್ಸರ್ ಮೂಳೆಗೂ ಲಿವರ್‌ಗೂ ಹರಡಿತ್ತು. "ಹಾಗೆಲ್ಲ ಮಾತಾಡಬಾರದು ಅಜ್ಜಿ" ಅಂತ ಹೊದಿಕೆ ಸರಿಮಾಡಿ ಬಂದುಬಿಟ್ಟೆ. ಡಾಕ್ಟರಿಗೆ ಹೇಳಲಿಲ್ಲ. ಕೇಸ್ ಶೀಟಿನಲ್ಲೂ ಬರೆಯಲಿಲ್ಲ.

ಮಾರನೇ ರಾತ್ರಿ ಮೂರರ ಸುಮಾರಿಗೆ ನಾಡಿ ನಿಂತಿತು. ಸಿಪಿಆರ್, ಅಂದರೆ ಎದೆ ಒತ್ತಿ ನಿಂತ ಹೃದಯವನ್ನು ಮತ್ತೆ ಬಡಿಸುವ ಪ್ರಯತ್ನ, ಬೇಡ ಎಂಬ ಸೂಚನೆ ಎಲ್ಲೂ ಇಲ್ಲದಿದ್ದರೆ ಶುರು ಮಾಡಲೇಬೇಕು. ರಕ್ತ ಹೋಗದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು, ಯೋಚಿಸುತ್ತ ನಿಲ್ಲಲು ಪುರುಸೊತ್ತಿಲ್ಲ. ಒತ್ತತೊಡಗಿದವಳು ನಾನೇ. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ 5 ಸೆಂಟಿಮೀಟರ್ ಆದರೂ ತಗ್ಗಬೇಕು. ಎಂಟನೆಯದೋ ಹತ್ತನೆಯದೋ ಒತ್ತಿಗೆ ಪಕ್ಕೆಲುಬು ಮುರಿದದ್ದು ಅಂಗೈಗೆ ಗೊತ್ತಾಯಿತು. ಅಲ್ಲಿಂದ ಮುಂದೆ ಎದೆ ಸಲೀಸಾಗಿ ತಗ್ಗತೊಡಗಿತು. ಆ ಸಲೀಸು ಈಗಲೂ ನನ್ನ ಕೈಯಲ್ಲಿದೆ. ಅಡ್ರಿನಲಿನ್ ಕೊಟ್ಟರು, ಗಂಟಲಿಗೆ ಕೊಳವೆ ಇಳಿಸಿದರು. ಇಪ್ಪತ್ತು ನಿಮಿಷ. ಅಜ್ಜಿ ಮರಳಲಿಲ್ಲ.

1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ಈ ವಿಧಾನವನ್ನು ಪ್ರಕಟಿಸಿದಾಗ 20 ರೋಗಿಗಳಲ್ಲಿ 14 ಮಂದಿ ಉಳಿದಿದ್ದರು. ಅವರಲ್ಲಿ ಹಲವರ ಹೃದಯ ಅರಿವಳಿಕೆ ಕೊಟ್ಟಾಗ ಹಠಾತ್ತನೆ ನಿಂತದ್ದು. ಅಂಥ ಹೃದಯವನ್ನು ಮತ್ತೆ ಬಡಿಸುವುದೆಂದರೆ ಮರುಜನ್ಮ ಕೊಟ್ಟಂತೆಯೇ. ನಾನೂ ಕಂಡಿದ್ದೇನೆ, ಅದಕ್ಕೇ ಸಿಪಿಆರ್ ಬಗ್ಗೆ ಹಗುರವಾಗಿ ಮಾತಾಡಲಾರೆ. ಅಜ್ಜಿಯದು ಹಾಗಲ್ಲ. ಮೈಯೆಲ್ಲ ಸೋತ ಮೇಲೆ ಕಟ್ಟಕಡೆಗೆ ಸೋತದ್ದು ಅವರ ಹೃದಯ.

ಮಗ ಬರುವಷ್ಟರಲ್ಲಿ ಕೊಳವೆ ತೆಗೆದು, ಎದೆ ಮೇಲಿನ ಕಂದು ಗುರುತು ಕಾಣದ ಹಾಗೆ ಹೊದಿಸಿದ್ದೆ. "ಎಲ್ಲ ಪ್ರಯತ್ನ ಮಾಡಿದ್ರಲ್ವಾ ಸಿಸ್ಟರ್?" ಅಂದರು. ಮಾಡಿದೆವು ಅಂದೆ. ಅಮ್ಮ ಬೇಡ ಅಂದಿದ್ದರು ಎಂಬುದು ಬಾಯಿಗೆ ಬರಲಿಲ್ಲ.

ನಿರ್ಧಾರ ನನ್ನದಲ್ಲ, ಒಪ್ಪುತ್ತೇನೆ. ರೋಗಿಯ ಮಾತನ್ನು ನಿರ್ಧರಿಸುವವರ ಕಿವಿಗೆ ಮುಟ್ಟಿಸುವುದು ಮಾತ್ರ ನನ್ನದೇ ಕೆಲಸವಾಗಿತ್ತು. ಸಿಪಿಆರ್ ಬೇಡ ಅಂತ ಬರೆಸಿದರೆ ಕೈಬಿಟ್ಟಂತೆ ಅಂತ ಮನೆಯವರು ಹೆದರುತ್ತಾರೆ. ನೋವಿನ ಔಷಧಿ, ಉಸಿರು ಕಟ್ಟದಂತೆ ನೋಡಿಕೊಳ್ಳುವುದು, ಬಾಯಿ ಒದ್ದೆ ಮಾಡುವುದು, ಯಾವುದೂ ನಿಲ್ಲುವುದಿಲ್ಲ. ಇದನ್ನು ಹಗಲಲ್ಲೇ, ರೋಗಿಗೆ ಪ್ರಜ್ಞೆ ಇರುವಾಗಲೇ ಕೂತು ಮಾತಾಡಬೇಕು.

ಈಗ ಯಾರಾದರೂ "ಸಾಕಾಯ್ತು" ಅಂದರೆ ಸ್ಟೂಲ್ ಎಳೆದುಕೊಂಡು ಕೂರುತ್ತೇನೆ. "ಏನು ಸಾಕಾಯ್ತು, ಹೇಳಿ" ಅನ್ನುತ್ತೇನೆ. ಕೆಲವರಿಗೆ ಸಾಕಾದದ್ದು ಸೂಜಿ ಮಾತ್ರ. ಕೆಲವರು ಬಹಳ ಹೊತ್ತು ಮಾತಾಡುತ್ತಾರೆ.